ಮೂರು ಬಣ್ಣದ ಹೋರಿ

"ಸೀರಿಯಲ್ ಅಂದ್ರ ಹಡದ ತಾಯಿ! ಸಿನಿಮಾ ಅದರ ಕೂಸು! ಕೂಸು ತಾಯಿನ್ನ ಮೀರಿಸಿದ್ರ, ಈ ಕುರ್ಚಿ ಬಿಟ್ಟು ನೆಲಕ್ಕ ಕುಂದ್ರತೇನಿ!"

ಹಂಸಭಾವಿಯ ಪರಮೇಶಪ್ಪ ಓಣಿಗೆಲ್ಲ ಕೇಳುವಂತೆ ಹೀಗೆ ಘೋಷಿಸಿದ. ಕುರ್ಚಿ ಬಿಡುವುದೆಂದರೆ ಅವನಿಗೆ ಸಿಂಹಾಸನ ಬಿಟ್ಟಂತೆ. ಆಗ ಎಂಬತ್ತರ ದಶಕ. ಓಣಿಗೊಂದೇ ಟೀವಿ, ಟೀವಿಯ ಮುಂದೆ ಒಂದೇ ಕುರ್ಚಿ, ಕುರ್ಚಿಯಲ್ಲಿ ಒಬ್ಬನೇ ಪರಮೇಶಪ್ಪ! ಉಳಿದವರಿಗೆಲ್ಲ ಜಮಖಾನೆ.

ಟೀವಿ ಕಪ್ಪು-ಬಿಳುಪಿನದೇ. ಆದರೆ ಅವನು ಹಾವೇರಿಯಿಂದ ಬಣ್ಣದ ಪ್ಲಾಸ್ಟಿಕ್ ಹಾಳೆ ತಂದು ಗಾಜಿಗೆ ಅಂಟಿಸಿ, ಅದಕ್ಕೆ 'ಕಲರ್ ಟೀವಿ' ಎಂದು ನಾಮಕರಣ ಮಾಡಿದ್ದ. ಹಾಳೆಯ ಮೇಲ್ಗಡೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ವಾರ್ತೆ ಓದುವ ಹೆಣ್ಣುಮಗಳ ಹಣೆ ಸದಾ ನೀಲಿ, ಗದ್ದ ಸದಾ ಹಸಿರು!

ಭಾನುವಾರ ಬೆಳಿಗ್ಗೆ ಜಪಾನಿನ ಗೊಂಬೆ ಸೀರಿಯಲ್ಲೊಂದು ಬರುತ್ತಿತ್ತು. ಅದರಲ್ಲೊಂದು ಹಾರುವ ಹೋರಿ. ಹೋರಿ ಬಿಡುವ ಹಬ್ಬವೆಂದರೆ ಪ್ರಾಣ ಕೊಡುವ ಊರು, ಬಿಟ್ಟೀತೇ? ಮಾತೆಲ್ಲ ಹಿಂದಿ. ಹಿಂದಿ ಬರುವುದು ಪರಮೇಶಪ್ಪನಿಗೊಬ್ಬನಿಗೇ. ಹಾಗೆಂದು ಪರಮೇಶಪ್ಪನೇ ಹೇಳಿದ್ದ.

"ಏ ಪರಮೇಶಿ, ಹೋರಿ ಮ್ಯಾಲ ಹಾರಿದ್ರ ನೀಲಿ ಯಾಕಾಗ್ತೈತೋ?" ಮುದುಕಿ ತಿಪ್ಪವ್ವ ಕೇಳುತ್ತಿದ್ದಳು.

"ಆಕಾಶದ ಗಾಳಿ ಕುಡೀತೈತಬೇ! ನಡುವ ಬಂದ್ರ ಸಿಟ್ಟಿಗೆ ಕೆಂಪು. ನೆಲಕ್ಕಿಳದ್ರ ಹುಲ್ಲು ತಿಂದು ಹಸರು. ಜಪಾನಿ ತಳಿ!"

ಇದನ್ನು ವೇದವಾಕ್ಯವೆಂದು ನಂಬಿದವನು ಪಕ್ಕದ ಮನೆಯ ಗುದ್ಲೆಪ್ಪ. ಹಬ್ಬ ಹತ್ತಿರ ಬಂದಿತ್ತು. ಪರಮೇಶಪ್ಪನ ಖುದ್ದು ಉಸ್ತುವಾರಿಯಲ್ಲೇ ತನ್ನ ಬೆಳ್ಳನೆಯ ಹೋರಿಗೆ ಬಣ್ಣ ಬಳಿದ: ಕೋಡು-ಬೆನ್ನು ನೀಲಿ, ಹೊಟ್ಟೆ ಕೆಂಪು, ಕಾಲು ಹಸಿರು. ಅದೂ ಬಾಗಿಲಿಗೆ ಹಚ್ಚುವ ಆಯಿಲ್ ಪೇಂಟು!

ಅಷ್ಟರಲ್ಲಿ ಎದುರುಮನೆಯ ಕುಬೇರಪ್ಪ ರಾಣೇಬೆನ್ನೂರಿನಿಂದ ನಿಜವಾದ ಕಲರ್ ಟೀವಿ, ವಿಡಿಯೋ ಬಾಡಿಗೆಗೆ ತಂದು, ಅದೇ ಹೋರಿಯ ಸಿನಿಮಾ ಹಾಕಿಸುತ್ತೇನೆಂದ. ಮೊದಲು ಹೇಳಿದ ಘೋಷಣೆ ಹೊರಬಿದ್ದದ್ದು ಆಗಲೇ.

ಎತ್ತು ಹೂಡದ ಸೋಮವಾರ ಮಧ್ಯಾಹ್ನ ಕುಬೇರಪ್ಪನ ಮನೆಯ ಕಿಟಕಿಗೆಲ್ಲ ಕಂಬಳಿ ಕಟ್ಟಿ ಸಿನಿಮಾ ಶುರುವಾಯಿತು. ಪರಮೇಶಪ್ಪ ತನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿದ್ದ. ಹೋರಿ ಕಾಣಿಸಿತು. ಹಾಲಿನಂಥ ಬಿಳುಪು!

"ಇದ್ಯಾಕ ಬೆಳ್ಳಗೈತ್ರಿ?" ಗುದ್ಲೆಪ್ಪ ಹೌಹಾರಿದ.

"ಜಡ್ಡು ಬಂದೈತೋ. ತಡಿ, ಹಾರ್ಲಿ."

ಹಾರಿತು. ಬಿಳುಪೇ. ಇಳಿಯಿತು. ಬಿಳುಪೇ.

"ಹುಲ್ಲೂ ತಿಂತಲ್ರೀ! ಹಸರಾಗವಲ್ದು!"

ಕತ್ತಲಲ್ಲಿ ತಲೆಗಳೆಲ್ಲ ಪರಮೇಶಪ್ಪನತ್ತ ತಿರುಗಿದವು. ಬಣ್ಣ ಬಯಲಾಗುವುದೆಂದರೆ ಇದೇ! ಆದರೆ ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ. ಸೀರಿಯಲ್ಲಿನ ಹೋರಿ ವಾರವಾರವೂ ಸಮುದ್ರ ಹಾರಲು ಕಾಲೆತ್ತಿ ಅಲ್ಲೇ ನಿಂತುಬಿಡುತ್ತಿತ್ತು. ಈ ಹೋರಿ ಹಾರಿಯೇ ಬಿಟ್ಟಿತು! ತಾಯಿಯಿಂದ ತಪ್ಪಿಸಿಕೊಂಡಿದ್ದ ಹುಡುಗನನ್ನು ಬೆನ್ನ ಮೇಲೆ ತಂದು ಅವಳ ಮುಂದೆ ಇಳಿಸಿ, ಒಮ್ಮೆ ತಿರುಗಿ ನೋಡಿ, ಮೋಡದಲ್ಲಿ ಮಾಯವಾಯಿತು. ಹೆಂಗಸರ ಸೆರಗು ತೊಯ್ದವು. ಪರಮೇಶಪ್ಪನ ಟವೆಲ್ಲು ಹಿಂಡುವಂತಾಯಿತು.

"ಅಳ್ತೀಯೇನೋ?" ಎಂದಳು ತಿಪ್ಪವ್ವ.

"ಕಣ್ಣಾಗ ಕಸ ಬಿತ್ತಬೇ."

"ನಂಗೂ ಅದ ಕಸ ಬಿತ್ತಪ. ಕೂಸು ತಾಯಿನ್ನ ಮೀರಿಸ್ತು. ಏಳು, ಕುರ್ಚಿ ಬಿಡು!"

ಮುಂದಿನ ಭಾನುವಾರ ಬೆಳಿಗ್ಗೆ ಗುದ್ಲೆಪ್ಪ ತನ್ನ ಹೋರಿಯನ್ನು ತಂದು ಪರಮೇಶಪ್ಪನ ಅಂಗಳದಲ್ಲಿ ಕಟ್ಟಿದ. "ನೀವ ಹಚ್ಚಿಸಿದ್ದು, ನೀವ ತಗೀರಿ." ಪರಮೇಶಪ್ಪ ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ತಿಕ್ಕತೊಡಗಿದ. ಹೋರಿ ಒಮ್ಮೆ ಮೈ ಕೊಡವಿತು. ಪರಮೇಶಪ್ಪನ ತಲೆ ನೀಲಿ, ಅಂಗಿ ಕೆಂಪು, ಧೋತರ ಹಸಿರು!

ಒಳಗೆ ಸೀರಿಯಲ್ಲಿನ ಸಂಗೀತ ಕೇಳಿಸಿತು. ಅವನು ಕಿಟಕಿಗೆ ಮುಖ ಹಚ್ಚಿದ. ಜಮಖಾನೆಯ ಮೇಲೆ ಓಣಿಯ ಜನ. ಕುರ್ಚಿಯಲ್ಲಿ ಹೆಂಡತಿ ಸುಶೀಲವ್ವ!

"ಸುಶೀಲಾ, ಸ್ವಲ್ಪ ಸರಿಯಲೇ. ಹೋರಿ ಏನಾತು ನೋಡೂಣು."

ಸುಶೀಲವ್ವ ತಿರುಗಿ, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಾಳಿ ಕಿತ್ತು ಒಗದೇನ್ರಿ, ಇಲ್ಲೆಲ್ಲಾ ಕರೀದು-ಬಿಳೀದು. ನೀವು ಒಳಗ ಹೋಗಿ ಕನ್ನಡಿ ಮುಂದ ಕುಂದರ್ರಿ. ಕಲರ್ ಟೀವಿ ಅಲ್ಲೈತಿ!"