ಅತ್ತೆಯ ಐರ್ಲೆಂಡ್ ವಲಸೆ

ನಮ್ಮತ್ತೆ ಅಮೆರಿಕದ ಮೇಲೆ ಸಿಟ್ಟು ಮಾಡಿಕೊಂಡು ಐರ್ಲೆಂಡಿಗೆ ಮನೆ ಬದಲಿಸಿದವಳು. ಅದೂ ರಂಗಂಪೇಟೆಯ ತನ್ನ ಮನೆ ಬಿಡದೆ! ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ.

ಆಕೆ ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ, ತಾಯಿಯಿಲ್ಲದ ನನ್ನನ್ನು ಸಾಕಿದಳು. ಕೆಲಸಕ್ಕಿದ್ದಷ್ಟು ಕಾಲ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ್ದರಿಂದ, ಲೋಕದಲ್ಲಿ ವಿಳಾಸಕ್ಕಿಂತ ದೊಡ್ಡ ಸತ್ಯವಿಲ್ಲವೆಂದು ನಂಬಿದ್ದಾಳೆ. ತೊಗರಿಬೇಳೆ ಕೊಳ್ಳುವಾಗಲೂ "ಇದು ಸಗರದ್ದೋ, ಗುರುಮಠಕಲ್ಲಿಂದೋ?" ಎಂದು ವಿಚಾರಣೆ! ಒಮ್ಮೆ ನನ್ನನ್ನು ನೋಡಲು ಬಂದ ವರನಿಂದ ಖಾಯಂ ವಿಳಾಸ, ತಾತ್ಕಾಲಿಕ ವಿಳಾಸ ಎರಡನ್ನೂ ಬರೆಸಿಕೊಂಡಳು. ಎರಡೂ ಕಡೆಯಿಂದ ಕಾಗದ ಬರಲಿಲ್ಲ!

ನಿವೃತ್ತಿಯ ನಂತರ ಉಳಿತಾಯದ ಒಂದು ಭಾಗವನ್ನು ಮೊಬೈಲಿನಲ್ಲೇ ಅಮೆರಿಕದ ಇಂಡೆಕ್ಸ್ ಫಂಡೊಂದಕ್ಕೆ ಹಾಕಿದಳು. ಅಲ್ಲಿನ ನೂರಾರು ಕಂಪನಿಗಳ ಷೇರು ಚೂರುಚೂರಾಗಿ ಒಂದೇ ಗಂಟಿನಲ್ಲಿ! ಮೊದಲ ಲಾಭಾಂಶ ಬಂದ ದಿನ, ಶಹಾಪುರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ನನಗೆ ಫೋನು.

"ನೂರಕ್ಕ ಇಪ್ಪತ್ತೈದು ಯಾವಾಂವ ನುಂಗ್ಯಾನ?"

"ಅಮೆರಿಕ ಸರಕಾರ, ಅತ್ತಿ. ನಮಗ ಕೊಡೂಕಿಂತ ಮೊದಲ ತೆರಿಗಿ ಹಿಡಕೋತಾರ."

"ಹಿಡಕೊಳ್ಳಾಕ ನಾ ಅಲ್ಲಿ ಮನಿ ಕಟ್ಟಿ ನಳ ಹಾಕಿಸೇನೇನು?"

ಮರುದಿನವೇ ನನ್ನನ್ನು ಎಳೆದುಕೊಂಡು ಯಾದಗಿರಿಯ ಆಡಿಟರ್ ಬಳಿ ಹೋದಳು. ಅವರು ಸಮಾಧಾನ ಹೇಳಿದರು: "ಅಲ್ಲಿ ಹಿಡದದ್ದನ್ನ ಇಲ್ಲಿ ನಿಮ್ಮ ತೆರಿಗ್ಯಾಗ ಕಳೀಬಹುದ್ರಿ ಅಮ್ಮಾ."

"ಇಲ್ಲಿ ನನಗ ತೆರಿಗೀನ ಬರೂದಿಲ್ಲ. ಸೊನ್ನ್ಯಾಗ ಏನ್ ಕಳೀತೀರಿ?"

ಆಡಿಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಇನ್ನೊಂದು ದಾರಿ ಹೇಳಿದರು. ಅವೇ ಅಮೆರಿಕದ ಕಂಪನಿಗಳ ಷೇರು ಇಟ್ಟುಕೊಂಡು ಐರ್ಲೆಂಡಿನಲ್ಲಿ ನೋಂದಣಿಯಾದ ಫಂಡುಗಳಿವೆ. ಅವುಗಳಿಂದ ಅಮೆರಿಕ ಹಿಡಿಯುವುದು ನೂರಕ್ಕೆ ಹದಿನೈದು. ಐರ್ಲೆಂಡ್ ನಮ್ಮಂಥ ಹೊರಗಿನವರಿಂದ ಏನೂ ಹಿಡಿಯುವುದಿಲ್ಲ.

ಅತ್ತೆ ಕುರ್ಚಿ ಬಿಟ್ಟು ಎದ್ದೇ ನಿಂತಳು! "ಅಂದ್ರ ಸಾಮಾನು ಒಂದ, ವಿಳಾಸ ಅಷ್ಟೇ ಬ್ಯಾರೆ? ನಾ ಹೇಳಿಲ್ಲೇನು!"

ಮರಳುವಾಗ ಬಸ್ಸಿನ ತುಂಬ ಪೇಡೆ ಹಂಚಿದಳು. ಪಕ್ಕದ ಮುದುಕಿ ಕೇಳಿದಳು: "ಯಾರದವ್ವ ಮದುವಿ?"

"ಮದುವಿ ಅಲ್ಲ ಯವ್ವಾ, ಮನಿ ಬದ್ಲಿ. ಐರ್ಲೆಂಡಿಗೆ!"

ಈ ವಯಸ್ಸಿನಲ್ಲಿ ಅಷ್ಟು ದೂರವೇ ಎಂದು ಮರುಗಿದ ಮುದುಕಿ ತನ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ ಕಟ್ಟಿಕೊಟ್ಟಳು. ಅತ್ತೆ ಬೇಡ ಎಂದಳೇ? ಇಲ್ಲ!

ಮನೆಗೆ ಬಂದವಳೇ ಹೊಸ ಫಂಡಿನ ಫಾರ್ಮು ತುಂಬಲು ಕೂತಳು. ನಾನು ಲೆಕ್ಕ ಹಾಕಿ ತೋರಿಸಿದೆ: ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುವ ಖರ್ಚು ಕಳೆದರೆ ಕೆಲವು ವರ್ಷ ಉಳಿತಾಯವೇ ಇಲ್ಲ. "ಇಷ್ಟಕ್ಕ ಯಾಕತ್ತಿ ಇಷ್ಟು ಬಡದಾಟ?"

ಅವಳ ದನಿ ತಗ್ಗಿತು.

"ಲಾಭಾಂಶದ ತೆರಿಗಿ ಒಂದ ಅಲ್ಲ. ನೀ ನೀರು ಕುಡ್ಯಾಕ ಹೋದಾಗ ಆಡಿಟರ್‌ನ ಕೇಳೀನಿ. ಅಮೆರಿಕದ ಫಂಡ್ ಇಟ್ಟಾಕಿ ಸತ್ತರ, ರೊಕ್ಕ ಒಂದು ಮಿತಿ ದಾಟಿದ್ರ, ಅಲ್ಲಿ ಸರಕಾರ ವಾರಸದಾರರಿಂದ ಮತ್ತ ದೊಡ್ಡ ಪಾಲು ಕೇಳ್ತದಂತ. ಎಲ್ಲಾ ಇಂಗ್ಲಿಷಿನ ಕಾಗದಾ, ಪುರಾವೆ, ಜಗಳಾ. ಐರ್ಲೆಂಡಿನ ಫಂಡಿಗೆ ಆ ಕಾಟ ಇಲ್ಲಂತ. ನಿನಗ ಕಿರಾಣಿ ಅಂಗಡ್ಯಾಗ ಉಳದ ಚಿಲ್ಲರ ಕೇಳಾಕ ಬಾಯಿ ಬರೂದಿಲ್ಲ. ನಾ ಇಲ್ಲದಾಗ ಅವರ ಕೂಡ ಹೆಂಗ ಜಗಳಾಡ್ತಿ?"

ಫಾರ್ಮಿನಲ್ಲಿ ನಾಮಿನಿಯ ಜಾಗದಲ್ಲಿ ನನ್ನ ಹೆಸರಿತ್ತು. ಪೆನ್ನು ಹಿಡಿದಿದ್ದ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಡವ್ವಾ, ಸಹಿ ಹಾಕಬೇಕು" ಅಂದಳು.

ಬಿಡಲಾಗಲಿಲ್ಲ.