ಒಂಟಿಗಾಲಿನ ಬೀಗತನ

ಇನ್ನು ಮುಂದೆ ನಮ್ಮ ಊರಿನಲ್ಲಿ ಯಾವ ಕಳ್ಳನೂ ಮಸುಕಾಗಿ ಕಾಣಕೂಡದು ಎಂದು ನಾನು ಶಪಥ ಮಾಡಿದೆ!

ಶಪಥಕ್ಕೆ ಕಾರಣವಿತ್ತು. ಊರಿನ ವಾರಪತ್ರಿಕೆಗೆ ಅಂಕಣ ಬರೆಯುವವನು ನಾನು. ಬರೆಯುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ಕೋಪ ಕಲಿಸಿತು. ಫೋಟೋ ತೆಗೆಯುವುದನ್ನೂ ಅದೇ ಮೇಷ್ಟ್ರು ಕಲಿಸಿದ್ದರಿಂದ ಕೈ ನಡುಗುತ್ತದೆ. ಲಂಚ ಎಣಿಸುತ್ತಿದ್ದ ಗುಮಾಸ್ತನೊಬ್ಬನ ಫೋಟೋವನ್ನು ಪ್ರಾಣ ಒತ್ತೆಯಿಟ್ಟು ತೆಗೆದು ಅಚ್ಚು ಹಾಕಿಸಿದರೆ, "ಒಂಟೆ ಮರಿ ಮುದ್ದಾಗಿದೆ" ಎಂದು ಓದುಗರು ಮೆಚ್ಚುಗೆಯ ಪತ್ರ ಬರೆದರು!

ಈ ಸಲದ ಬೇಟೆ ದೊಡ್ಡದು. ಜಿಲ್ಲೆಯ ನೀರು ಇಲಾಖೆಯ ಮುಖ್ಯಸ್ಥ ಕೆಂಜೆಬಾಯ್. ನಮ್ಮ ಬೀದಿಯ ನಲ್ಲಿಗಳು ಬೆಳಿಗ್ಗೆ ಸ್ವಲ್ಪ ಹೊತ್ತು ಕೆಮ್ಮಿ, ಎರಡು ಬಕೀಟು ಉಗುಳಿ, ಮತ್ತೆ ಮಲಗುತ್ತವೆ. ಬೆಟ್ಟದ ಬುಡದಲ್ಲಿರುವ ಕೆಂಜೆಬಾಯ್ ಮನೆಯ ಹಿತ್ತಲಲ್ಲಿ ಮಾತ್ರ ಕೊಳ! ಕೊಳದಲ್ಲಿ ಜೋಡಿ ಹಂಸ! ನಮ್ಮಲ್ಲಿ ಮನುಷ್ಯರು ಮುಖ ತೊಳೆಯಲು ಸರದಿ ನಿಲ್ಲುತ್ತಾರೆ. ಅಲ್ಲಿ ಎರಡು ಹಕ್ಕಿಗಳು ದಿನವಿಡೀ ತಳ ನೆನೆಸಿಕೊಂಡು ತೇಲುತ್ತವೆ. ನೀರು ಎಲ್ಲಿಂದ? ಊರಿನ ಕಾಲುವೆಯಿಂದ, ಕದ್ದು ಎಳೆದ ಪೈಪಿನಿಂದ. ಇದನ್ನು ನಾನು ವಾರ ವಾರವೂ ಬರೆದೆ. ಕೊನೆಗೆ ಸಂಪಾದಕರು ಹೇಳಿದರು: "ಪೈಪು ಕಣ್ಣಿಗೆ ಕಾಣ್ಬೇಕು ಕಣಯ್ಯಾ. ಕಾಣೋ ಫೋಟೋ ತಂದ್ರೆ ಮುಖಪುಟ. ಇಲ್ದಿದ್ರೆ ಅಂಕಣಾನೂ ಇಲ್ಲ, ನೀನೂ ಇಲ್ಲ."

ಅಲ್ಮಾಟಿ ನಗರದ ಹಳೇ ಸಾಮಾನಿನ ಸಂತೆಗೆ ಹೋಗಿ ಒಂದು ಲೆನ್ಸ್ ತಂದೆ. ಕುರಿಯ ತೊಡೆಯಷ್ಟು ದಪ್ಪ, ತೂಕದಲ್ಲಿ ಇಡೀ ಕುರಿ. ಅದನ್ನು ಕೈಯಲ್ಲಿ ಹಿಡಿದರೆ ಕಳ್ಳನಿಗಿಂತ ಮೊದಲು ನಾನೇ ನೆಲಕ್ಕೆ ಬೀಳುವುದು ಖಚಿತವಾದ್ದರಿಂದ ಜೊತೆಗೊಂದು ಮೊನೊಪಾಡ್ ಕೂಡ ಕೊಂಡೆ. ಒಳಗೊಳಗೇ ಮಡಚಿಕೊಳ್ಳುವ, ಒಂದೇ ಕಾಲಿನ ಕರೀ ಕೋಲು.

ನನ್ನ ಹೆಂಡತಿ ಉಲ್ಜಾನ್ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಕೋಲನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್ನೆರಡು ಕಾಲು ಎಲ್ರೀ? ದಾರೀಲಿ ಬೀಳಿಸ್ಕೊಂಡ್ರಾ?"

"ಇದಕ್ಕಿರೋದೇ ಒಂದು ಕಾಲು ಕಣೇ. ಬೆಟ್ಟದ ಕಲ್ಲಲ್ಲಿ ಮೂರು ಕಾಲು ಊರಿ ಹೊಂದಿಸೋಷ್ಟರಲ್ಲಿ ಕಳ್ಳ ಮೊಮ್ಮಕ್ಕಳನ್ನ ಕಂಡಿರ್ತಾನೆ. ಇದಾದ್ರೆ ಊರಿದೆ, ಹೊಡೆದೆ, ಹೊರಟೆ!"

"ಒಂದೇ ಕಾಲಲ್ಲಿ ನಿಲ್ಲುತ್ತಾ?"

"ತಾನಾಗೇ ನಿಲ್ಲಲ್ಲ. ನಾನು ಜೊತೆಗೆ ನಿಲ್ಬೇಕು. ಭಾರ ಎಲ್ಲ ಕೋಲಿನ ಮೇಲೆ. ಪಟ್ಟಿ ಮಣಿಕಟ್ಟಿಗೆ. ನನ್ನ ಕಾಲು ಎರಡು, ಇದರದ್ದು ಒಂದು. ಒಟ್ಟು ಮೂರು ಕಾಲಿನ ಮೇಲೆ ನ್ಯಾಯ ನಿಲ್ಲುತ್ತೆ!"

ಹೀಗೆ ಘೋಷಿಸುತ್ತ ಲೆನ್ಸನ್ನು ಕೋಲಿನ ತುದಿಗೆ ತಿರುಗಿಸಿ ಕೂರಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಗುರಿಯಿಟ್ಟೆ. ಕೋಲಿನ ಮಡಿಕೆಗಳಿಗೆ ಒಂದೊಂದು ತಿರುಪು ಇರುತ್ತದೆ. ಎಲ್ಲವನ್ನೂ ಬಿಗಿ ಮಾಡಬೇಕು. ನಾನು ಮೇಲಿನದನ್ನು ಮಾತ್ರ ಮಾಡಿದ್ದೆ. ಕ್ಯಾಮೆರಾ, ಲೆನ್ಸ್, ಅದಕ್ಕೆ ಅಂಟಿದ್ದ ನನ್ನ ಮುಖ, ಮೂರೂ ಮಹಾರಾಜರ ಪಲ್ಲಕ್ಕಿ ಇಳಿದಂತೆ ನಿಧಾನವಾಗಿ, ಗಂಭೀರವಾಗಿ ಇಳಿದು ಹಿಟ್ಟಿನ ಬೋಗುಣಿಯಲ್ಲಿ ಆಸೀನವಾದವು.

ಉಲ್ಜಾನ್ ಕೈ ಒರೆಸಿಕೊಂಡಳು. "ನ್ಯಾಯ ಹಿಟ್ಟಲ್ಲಿ ಕೂತ್ಕೊಳ್ತು. ಎತ್ಕೊಂಡು ಹೊರಗೆ ಹೋಗಿ. ಇರೋ ನೀರಲ್ಲಿ ನಿಮ್ಮ ಮುಖ ತೊಳೀಲೋ, ಪಾತ್ರೆ ತೊಳೀಲೋ?"

ನೋಡಿದಿರಾ? ನೀರಿನ ಕಳ್ಳತನದ ಬಿಸಿ ಮೊದಲು ತಟ್ಟುವುದು ಸತ್ಯಸಂಧನ ಮೂತಿಗೆ!

ಮರುದಿನ ಎಲ್ಲ ತಿರುಪುಗಳನ್ನೂ ಬಿಗಿದು, ಕಿತ್ತುಹೋಗಿದ್ದ ಪ್ಲಾಸ್ಟಿಕ್ ಪಟ್ಟಿಯ ಬದಲು ಹೆಣೆದ ಚರ್ಮದ ಪಟ್ಟಿ ಕಟ್ಟಿ, ಕೆಂಜೆಬಾಯ್ ಮನೆಯ ಹಿಂದಿನ ಬೆಟ್ಟ ಹತ್ತಿದೆ. ಕೋಲು ಊರಿದೆ. ಅದರ ಬುಡವನ್ನು ಬೂಟಿಗೆ ಆನಿಸಿದೆ. ಕನ್ನಡಕ ಜೇಬಿಗೆ ಹಾಕಿ ಕಣ್ಣು ಕ್ಯಾಮೆರಾಕ್ಕೆ ಇಟ್ಟೆ. ಅದ್ಭುತ! ಕೋಪದಿಂದ ಮೈಯೆಲ್ಲ ನಡುಗುತ್ತಿದ್ದರೂ ಲೆನ್ಸ್ ಬಂಡೆಯಂತೆ ನಿಂತಿತ್ತು. ಹಂಸ ಕಂಡಿತು. ಪೈಪು ಕಂಡಿತು. ಅದರ ಪಕ್ಕದಲ್ಲಿ ಯಾರೋ ಇಬ್ಬರು ಆಳುಗಳು ಹಂಸಗಳಿಗೆ ರೊಟ್ಟಿ ಎಸೆಯುತ್ತಿದ್ದಂತಿತ್ತು. ನನಗೆ ಬೇಕಾದದ್ದು ಪೈಪು. ಹೊಡೆದೆ. ಇನ್ನೊಂದು ಹೊಡೆದೆ. ಇನ್ನೂ ಹತ್ತಿರದಿಂದ ಎಂದು ಒಂದು ಹೆಜ್ಜೆ ಮುಂದಿಟ್ಟು ಕೋಲು ಊರಿದೆ. ಊರಿದ್ದು ಯಾವುದೋ ಪ್ರಾಣಿಯ ಬಿಲದೊಳಗೆ.

ಮೂರು ಕಾಲಿನಲ್ಲಿ ಒಂದು ಭೂಮಿಯೊಳಗೆ ಹೋದರೆ ಮಿಕ್ಕ ಎರಡರ ಗತಿ ಕೇಳಬೇಕೇ? ಲೆನ್ಸನ್ನು ಕೂಸಿನಂತೆ ಎದೆಗೆ ಅವಚಿಕೊಂಡು, ಕರಗುತ್ತಿದ್ದ ಹಿಮದ ಕೆಸರಿನಲ್ಲಿ ಉರುಳಿ ಉರುಳಿ ಕೊಳದ ದಡದಲ್ಲಿ ನಿಂತೆ. ನಿಂತೆ ಎಂದರೆ ಮಲಗಿದೆ. ಹಂಸವೊಂದು ಬಂದು ನನ್ನ ಕಿವಿ ಕಚ್ಚಿತು. ಆಳುಗಳಿಬ್ಬರೂ ಮಾಯ. ತಲೆಯೆತ್ತಿದರೆ ಮನೆಯ ಚಪ್ಪಲಿ ಹಾಕಿಕೊಂಡ ಕೆಂಜೆಬಾಯ್!

"ಸಲಾಂ, ಒರೆಕೆ! ಏನಿದು, ಇಷ್ಟು ಕಷ್ಟಪಟ್ಟು ಹಿತ್ತಲಿಂದ ಬರೋದು? ಮುಂಬಾಗಿಲು ತೆಗೆದೇ ಇತ್ತಲ್ಲ! ಒಳಗೆ ಬನ್ನಿ. ಚಹಾ ಕುಡಿದು ಆಮೇಲೆ ಬೈಯಿರಿ."

ನನ್ನ ಹೆಸರು ಒರಾಜ್‌ಬೆಕ್. ನಮ್ಮ ಕಜಾಖರಲ್ಲಿ ಗೌರವ ಹೆಚ್ಚಿದಂತೆ ಹೆಸರು ಗಿಡ್ಡವಾಗುತ್ತದೆ. ಕಳ್ಳನ ಬಾಯಲ್ಲಿ ನನ್ನ ಹೆಸರು ಅಷ್ಟು ಗಿಡ್ಡವಾದಾಗಲೇ ನಾನು ಎಚ್ಚರವಾಗಬೇಕಿತ್ತು. ಆದರೆ ಕರೆದ ಮನೆಯ ರೊಟ್ಟಿಯ ಚೂರನ್ನೂ ಬಾಯಿಗಿಡದೆ ಹೊರಟುಹೋಗುವುದು ಹೇಗೆ? ಒಳಗೆ ಹೋದೆ.

ಒಳಗೆ ಹೊಚ್ಚಹೊಸ ಕಂಬಳಿ ಹಾಸಿತ್ತು. ನನ್ನ ಕೋಲಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಸಾರ್ವಜನಿಕ ಕಾಲುವೆಯ ಬಗ್ಗೆ ನನಗಿರುವ ಕಾಳಜಿ ಪರರ ಕಂಬಳಿಯ ಬಗ್ಗೆಯೂ ಇದೆ. ಲೆನ್ಸ್ ಬಿಚ್ಚಿ, ಕೋಲನ್ನು ಮೊಳದಷ್ಟಕ್ಕೆ ಮಡಚಿ, ಸುತ್ತ ನೋಡಿದೆ. ಹಿರಿಯರು ಕೂರುವ ಕಡೆಯ ಗೋಡೆಯಲ್ಲಿ ಒಂದು ಗೂಟ ಕಂಡಿತು. ಚರ್ಮದ ಪಟ್ಟಿಯಿಂದ ಅದಕ್ಕೆ ನೇತುಹಾಕಿದೆ.

ಮೂಲೆಯಲ್ಲಿ ಕೂತಿದ್ದ ಕೆಂಜೆಬಾಯ್ ತಾಯಿ, ಬಿಳೀ ತಲೆವಸ್ತ್ರದ ಮುದುಕಿ, ಕೂತಲ್ಲೇ ಚೀರಿದಳು.

"ಚಾವಟಿ! ಚಾವಟಿ ನೇತುಹಾಕಿದ! ಅಂತೂ ಒಬ್ಬ ಗಂಡಸು ಈ ಮನೆ ಗೋಡೆಗೆ ಚಾವಟಿ ನೇತುಹಾಕಿದ!"

ಜೇಬಿನಲ್ಲಿದ್ದ ಮಿಠಾಯಿಗಳನ್ನೆಲ್ಲ ಬಾಚಿ ನನ್ನ ತಲೆಯ ಮೇಲೆ ಎರಚಿದಳು. ಶುಭಕಾರ್ಯದ ಮಿಠಾಯಿ! ಒಂದು ನೇರವಾಗಿ ಹಂಸ ಕಚ್ಚಿದ ಕಿವಿಗೇ ಬಡಿಯಿತು.

ಆಗ ನೆನಪಾಯಿತು. ನಮ್ಮ ಹಿಂದಿನವರು ಹೆಣ್ಣು ಕೇಳಲು ಹೋದಾಗ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತಮ್ಮ ಕುದುರೆ ಚಾವಟಿಯನ್ನು ಆ ಮನೆಯ ಗೋಡೆಗೆ ನೇತುಹಾಕಿ ಎದ್ದು ಬರುತ್ತಿದ್ದರು. ಹೆಣ್ಣಿನ ಮನೆಯವರು ಒಲ್ಲದಿದ್ದರೆ ಚಾವಟಿ ವಾಪಸು ಕಳಿಸುತ್ತಿದ್ದರು. ಇಟ್ಟುಕೊಂಡರೆ ಬೀಗತನ!

"ಅಜ್ಜೀ, ಅದು ಚಾವಟಿ ಅಲ್ಲ, ಮೊನೊಪಾಡು! ಕ್ಯಾಮೆರಾ ಇಡೋ ಕೋಲು!"

"ಹೆಸರು ಏನಾದ್ರೂ ಇರ್ಲಿ ಮಗಾ. ಹಿಡಿ ಇದೆ, ಪಟ್ಟಿ ಇದೆ, ಗೋಡೆ ಮೇಲಿದೆ. ನಿನಗೆ ಮದುವೆಯಾಗದ ಮಗ ಇಲ್ವಾ?"

"ಇದ್ದಾನೆ, ಆದ್ರೆ..."

"ನಮಗೆ ಮದುವೆಯಾಗದ ಮೊಮ್ಮಗಳು ಇದ್ದಾಳೆ. ಮುಗೀತು!"

ಸಹಾಯಕ್ಕಾಗಿ ಕೆಂಜೆಬಾಯ್ ಕಡೆ ನೋಡಿದೆ. ಮೊದಲು ಅವನ ಹುಬ್ಬು ಗಂಟಿಕ್ಕಿತ್ತು. ಆಮೇಲೆ ಕಾಲುವೆಯ ತೂಬು ಎತ್ತಿದಂತೆ ಅವನ ಮುಖದ ತುಂಬ ನಿಧಾನವಾಗಿ ಬೆಳಕು ಹರಿಯಿತು.

"ಫೋಟೋ ಚೆನ್ನಾಗಿ ಬಂದಿದ್ಯಾ, ಬೀಗರೇ?" ಎಂದ. "ಹಾಕೋಕಂತೂ ಆಗಲ್ಲ ಬಿಡಿ. ಬೀಗರ ಮೇಲೆ ಬೀಗರು ಬರೀತಾರಾ? ಎಲ್ಲಾದ್ರೂ ಉಂಟಾ?"

ನಾನು ಗೂಟದತ್ತ ಕೈ ಚಾಚಿದೆ. ಮುದುಕಿ ಗುಡುಗಿದಳು: "ಮುಟ್ಟಿದ್ರೆ ನೋಡು! ನಮ್ಮ ಹುಡುಗಿ ಬೇಡ ಅಂತ ಊರಿಗೆಲ್ಲ ಸಾರಿದ ಹಾಗೆ!" ಅಷ್ಟರಲ್ಲಿ ಬೇಯಿಸಿದ ಕುರಿತಲೆ ಬಂತು. ಮುಖ್ಯ ಅತಿಥಿಗೆಂದೇ ನನ್ನ ಮುಂದೆ ಇಟ್ಟರು. ಹೇಳಿಬಿಡುತ್ತೇನೆ, ಮುಚ್ಚಿಟ್ಟು ಫಲವಿಲ್ಲ: ತಿಂದೆ. ಕೋಪದಿಂದಲೇ ತಿಂದೆ. ಆದರೆ ಪೂರ್ತಿ ತಿಂದೆ.

ಮನೆಗೆ ಬಂದು ಉಲ್ಜಾನ್‌ಗೆ ನಡೆದದ್ದನ್ನೆಲ್ಲ ಹೇಳಿ, "ನಾಳೇನೇ ಹೋಗಿ ಕೋಲು ಕಿತ್ಕೊಂಡು ಬರ್ತೀನಿ" ಎಂದು ಅಬ್ಬರಿಸಿದೆ. ಅವಳು ಚಹಾ ಬಸಿಯುತ್ತ ತಣ್ಣಗೆ ಕೇಳಿದಳು.

"ಯಾರು ಹುಡುಗಿ? ಮೊಲ್ದಿರಾ?"

"ಹೆಸರು ನಿಂಗೆ ಹೇಗೆ ಗೊತ್ತು?"

"ಮೊದಲು ಫೋಟೋ ತೋರ್ಸಿ."

ಕಂಪ್ಯೂಟರಿನಲ್ಲಿ ತೆರೆದೆ. ನನ್ನ ಜೀವಮಾನದಲ್ಲಿ ಅಂಥ ಫೋಟೋ ತೆಗೆದಿರಲಿಲ್ಲ! ಪೈಪಿನ ಜೋಡಣೆಗಳನ್ನು ಎಣಿಸಬಹುದಿತ್ತು. ಹಂಸದ ಕೊಕ್ಕಿನ ಹನಿ ಹೊಳೆಯುತ್ತಿತ್ತು. ಪೈಪಿನ ಎರಡೂ ಬದಿಗೆ ಕಾಲಿಟ್ಟು, ಕೈ ಕೈ ಹಿಡಿದು ನಿಂತಿದ್ದ ಇಬ್ಬರು ಆಳುಗಳೂ ಸ್ಪಷ್ಟವಾಗಿದ್ದರು. ಒಬ್ಬಳು ಕೆಂಜೆಬಾಯ್ ಮಗಳು ಮೊಲ್ದಿರ್. ಇನ್ನೊಬ್ಬ ಸಾಂಜಾರ್, ನನ್ನ ಮಗ! ಬೆಳಿಗ್ಗೆ ಟ್ರಾಕ್ಟರ್ ರಿಪೇರಿಗೆಂದು ಹೋದವನು! ಅವನ ಅಂಗಿಯ ಗುಂಡಿಯೊಂದು ಕಿತ್ತುಹೋಗಿದ್ದೂ ಕಾಣುತ್ತಿತ್ತು.

"ಅಯ್ಯೋ, ಆ ಗುಂಡಿ ಹೊಲೀಬೇಕಿತ್ತು," ಎಂದಳು ಉಲ್ಜಾನ್.

ಬಾಗಿಲಲ್ಲಿ ನಿಂತಿದ್ದ ಸಾಂಜಾರ್ ತಲೆ ತಗ್ಗಿಸಿದ. "ಯಾಕೋ ಹೇಳ್ಲಿಲ್ಲ?" ಎಂದು ಗದರಿದೆ.

"ಹೇಳ್ಬೇಕು ಅಂತಾನೇ ಇದ್ದೆ ಅಪ್ಪಾ. ವಾರ ವಾರಾನೂ ನೀವು ಅವರಪ್ಪನ ಮಾನ ಹರಾಜು ಹಾಕ್ತಿದ್ರಿ. ಯಾವ ವಾರ ಹೇಳ್ಲಿ?"

ಕೋಲು ವಾಪಸು ತಂದರೆ ಮಗ ಮುರಿಯುತ್ತಾನೆ. ಫೋಟೋ ಮುಚ್ಚಿಟ್ಟರೆ ನಾನು ಮುರಿಯುತ್ತೇನೆ. ಇಬ್ಬರನ್ನು ಕತ್ತರಿಸಿ ಪೈಪು ಮಾತ್ರ ಉಳಿಸೋಣವೆಂದರೆ ಅದು ಸರಿಯಾಗಿ ಅವರಿಬ್ಬರ ನಡುವೆಯೇ ಹಾದುಹೋಗಿತ್ತು!

ರಾತ್ರಿ ಊಟದ ಹೊತ್ತಿಗೆ ತೀರ್ಮಾನಿಸಿದೆ. ಕೋಲು ಗೋಡೆಯ ಮೇಲೇ ಇರಲಿ. ಫೋಟೋ ಪತ್ರಿಕೆಗೆ ಹೋಗಲಿ, ಇಡಿಯಾಗಿ, ನನ್ನ ಮಗನ ಸಮೇತ! ಬೀಗತನ ಬೇರೆ, ಬರಹ ಬೇರೆ! "ಈ ನೀರು ಯಾರದು?" ಎಂಬ ತಲೆಬರಹ ಕೊಟ್ಟು, ಬೀಗನಾಗಲಿರುವವನನ್ನು ಹೆಸರು ಹಿಡಿದು ಬೈದು ಬರೆದೆ. ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೇ ಎಷ್ಟು ಗೌರವ ಬಂತೆಂದರೆ, ಕನ್ನಡಿಯ ಮುಂದೆ ನಿಂತು ಟೋಪಿ ತೆಗೆದೆ.

ಪತ್ರಿಕೆ ಬಂತು. ಮುಖಪುಟದ ಅರ್ಧಭಾಗ ನನ್ನ ಫೋಟೋ. ಸರ್ಕಾರ ಅಲುಗಾಡುವ ಸದ್ದಿಗೆ ಕಿವಿಗೊಟ್ಟು ಕೂತೆ. ಫೋನು ರಿಂಗಣಿಸಿತು. ಊರಿನ ಓದುಗರೊಬ್ಬರು.

"ಒರೆಕೆ, ಕಣ್ಣು ತುಂಬಿ ಬಂತು! ಎಂಥಾ ಜೋಡಿ! ಹಂಸಗಳನ್ನ ಹಿಂದೆ ಇಟ್ಟು ತೆಗೆದಿದ್ದೀರಲ್ಲ, ಏನು ರಸಿಕತೆ!"

"ಪೈಪು ನೋಡಿದ್ರಾ? ಪೈಪು?"

"ಯಾವ ಪೈಪು? ಮದುವೆ ಯಾವಾಗ?"

ದಿನವಿಡೀ ಇದೇ. ಇಡೀ ಊರು ನನ್ನ ಅಂಕಣವನ್ನು ನಿಶ್ಚಿತಾರ್ಥದ ಜಾಹೀರಾತೆಂದು ಓದಿತು! ಅಕ್ಷರ ಬಲ್ಲ ಜನವೇ ಇವರು? ಕಳ್ಳತನದ ಪಕ್ಕದಲ್ಲಿ ಒಂದು ಚೆಂದದ ಹುಡುಗಿಯನ್ನು ನಿಲ್ಲಿಸಿದರೆ ಸಾಕು, ಕಳ್ಳತನ ಕಾಣುವುದೇ ಇಲ್ಲ! ಒಬ್ಬಾತ ತನ್ನ ಮಗಳ ಮದುವೆಗೂ ನಾನೇ ಬಂದು ಹೀಗೇ ತೆಗೆದುಕೊಡಬೇಕೆಂದ. ಕೆಂಜೆಬಾಯ್ ಆ ಪುಟಕ್ಕೆ ಕಟ್ಟು ಹಾಕಿಸಿ ನನ್ನ ಕೋಲಿನ ಪಕ್ಕದಲ್ಲೇ ತೂಗುಹಾಕಿದನಂತೆ. ಬೈಗುಳವೂ ಸೇರಿ!

ಇಷ್ಟಕ್ಕೇ ಮುಗಿದಿದ್ದರೆ ನನ್ನ ಕೋಪಕ್ಕೆ ಮುಂದಿನ ವಾರದ ಕೆಲಸವಾದರೂ ಇರುತ್ತಿತ್ತು. ಎರಡು ದಿನ ಬಿಟ್ಟು ಪತ್ರಿಕೆಯ ಕಚೇರಿಯಿಂದ ಮನೆಗೆ ಬಂದರೆ, ಬಾಗಿಲಲ್ಲಿ ನೀರು ಇಲಾಖೆಯ ಲಾರಿ ನಿಂತಿತ್ತು. ಬೀದಿಯ ಉದ್ದಕ್ಕೂ ಅಗೆದ ಹಸಿ ಮಣ್ಣು. ಕಾಲುವೆಯಿಂದ ನೇರವಾಗಿ ನನ್ನ ಅಂಗಳಕ್ಕೆ ಹೊಸ ಪೈಪು! ಅದರ ತುದಿಯಲ್ಲಿ ಹಿತ್ತಾಳೆ ನಲ್ಲಿ, ನಲ್ಲಿಗೆ ಕೆಂಪು ರಿಬ್ಬನ್! ಊರಿನ ನಲ್ಲಿಗಳೆಲ್ಲ ಒಣಗಿ ಮಲಗಿದ ಮಧ್ಯಾಹ್ನದಲ್ಲಿ ನನ್ನ ಅಂಗಳದಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು.

"ಬೀಗರ ಉಡುಗೊರೆ ಕಣ್ರೀ," ಎಂದಳು ಉಲ್ಜಾನ್. ಅವಳ ದನಿಯಲ್ಲಿ ನಾಚಿಕೆಯೂ ಇತ್ತು, ಸಂತೋಷವೂ ಇತ್ತು. ಅಂಗಳದಲ್ಲಿ ಒಗೆದು ಹರವಿದ ಬಟ್ಟೆಯ ಸಾಲೇ ಇತ್ತು. "ಬೇಡ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನೀರು ಬಂದೇಬಿಡ್ತು. ಎಷ್ಟು ವರ್ಷ ಆಗಿತ್ರೀ, ಹೀಗೆ ನೀರಲ್ಲಿ ಕೈ ಅದ್ದಿ!"

ಅವಳನ್ನು ಏನೆಂದು ಬೈಯಲಿ? ಓಡಿಹೋಗಿ ನಲ್ಲಿ ತಿರುಗಿಸಿದೆ. ಗಾಬರಿಯಲ್ಲಿ ಯಾವ ಕಡೆಗೆ ತಿರುಗಿಸಿದೆನೋ, ಇನ್ನೂ ಜೋರಾಗಿ ಸುರಿಯಿತು. ಮೈಯೆಲ್ಲ ತೊಯ್ದು ತಲೆಯೆತ್ತಿದರೆ ಬೇಲಿಯಾಚೆ ಪಕ್ಕದ ಮನೆಯ ವಿಧವೆ ಬತಿಮಾ ಅಕ್ಕ. ಕೈಯಲ್ಲಿ ಖಾಲಿ ಬಕೀಟು. ಅವಳ ಹಿಂದೆ ಇಡೀ ಬೀದಿ, ಬಕೀಟುಗಳ ಸಮೇತ.

"ಬನ್ನಿ ಅಕ್ಕ, ಬನ್ನಿ, ತುಂಬಿಸ್ಕೊಳ್ಳಿ!" ಎಂದು ತೊದಲಿದೆ. "ನಾಳೇನೇ ಇದನ್ನ ಕಿತ್ತು ಹಾಕಿಸ್ತೀನಿ. ಇದರ ಮೇಲೂ ಬರೀತೀನಿ!"

"ಮೊದಲು ಫೋಟೋ ಬೇಕಲ್ಲ ಒರೆಕೆ," ಎಂದಳು ಬತಿಮಾ ಅಕ್ಕ. ಬಕೀಟು ಕೆಳಗಿಟ್ಟು, ನಿಲುವಂಗಿಯ ಜೇಬಿನಿಂದ ಫೋನು ತೆಗೆದಳು.

ನಾಚಿಕೆ ಮುಚ್ಚಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಕೋಲು ಇಲ್ಲ ಅಕ್ಕ. ಬೀಗರ ಮನೇಲಿದೆ."

"ಕೋಲು ಯಾಕಪ್ಪಾ? ಅವರ ಕೊಳ ದೂರ ಇತ್ತು, ನೀವು ಬೆಟ್ಟ ಹತ್ತಿ ಒದ್ದಾಡಿದ್ರಿ. ನಿಮ್ಮ ನಲ್ಲಿ ಇಲ್ಲೇ ಬೇಲಿ ಪಕ್ಕದಲ್ಲಿದೆ. ಎಲ್ಲಾ ಚೆನ್ನಾಗಿ ಕಾಣ್ತಾ ಇದೆ. ಸ್ವಲ್ಪ ಈ ಕಡೆ ಮುಖ ತಿರುಗ್ಸಿ."