ಶಿರೋವೈದ್ಯ ಪರಿಷತ್ತಿನ ಮೌನಿ ಸದಸ್ಯ

ಬಹಳ ಹಿಂದೆ, ಸಮಿತಿಗಳೇ ಇಲ್ಲದ ಕಾಲದಲ್ಲಿ, ಒಂದು ರಾಜ್ಯವಿತ್ತು ಎಂದು ಶುರು ಮಾಡಬೇಕೆಂದಿದ್ದೆ. ವಿಚಾರಿಸಿದರೆ ಸಮಿತಿಗಳಿಲ್ಲದ ಕಾಲ ಯಾವುದೂ ಇರಲಿಲ್ಲವಂತೆ. ಆದ್ದರಿಂದ ಸುಮ್ಮನೆ ಒಂದು ರಾಜ್ಯವಿತ್ತು ಎಂದಿಟ್ಟುಕೊಳ್ಳಿ. ಹೆಸರು ಮಸ್ತಕಾವತಿ. ಅದನ್ನು ಶ್ರೀಮನ್ಮಹಾರಾಜ ಸರ್ವಾನುಮತವರ್ಮರು ಆಳುತ್ತಿದ್ದರು. ಅವರ ಆಸ್ಥಾನದಲ್ಲಿ ಯಾರೂ ಯಾವುದಕ್ಕೂ ಬೇಡ ಎಂದವರಲ್ಲ. ಒಬ್ಬ ಮಂತ್ರಿ ಒಮ್ಮೆ ಕೆಮ್ಮಿದ್ದನ್ನು ಆಕ್ಷೇಪಣೆ ಎಂದು ತಿಳಿದು ಅವನನ್ನು ಗಡಿಯ ಠಾಣೆಗೆ ವರ್ಗ ಮಾಡಿದ ಮೇಲೆ ಉಳಿದವರು ಕೆಮ್ಮುವುದನ್ನೂ ಬಿಟ್ಟಿದ್ದರು.

ಮಹಾರಾಜರಿಗೆ ಅರಮನೆಯ ಗುಮ್ಮಟದ ಮೇಲೆ ಬಹಳ ಪ್ರೀತಿ. ಪ್ರತಿ ಹುಟ್ಟುಹಬ್ಬಕ್ಕೂ ಅದು ಒಂದು ಆಳೆತ್ತರ ಬೆಳೆಯತಕ್ಕದ್ದೆಂದು ರಾಜಾಜ್ಞೆಯಾಗಿತ್ತು. ಗುಮ್ಮಟ ಬೆಳೆದ ಹಾಗೆ ಅದರ ಮೇಲಿಂದ ಬೀಳುವ ಕೆಲಸಗಾರರೂ ಹೆಚ್ಚಿದರು. ಹೀಗಾಗಿ ತಲೆಬುರುಡೆ ತೆರೆದು, ಒಳಗಿನ ಕೇಡು ತೆಗೆದು, ಮತ್ತೆ ಮುಚ್ಚುವ ಶಿರೋವೈದ್ಯರ ವಿದ್ಯೆ ಆ ರಾಜ್ಯದಲ್ಲಿ ತುಂಬ ಮುಂದುವರಿದಿತ್ತು.

ಈ ವೈದ್ಯರೆಲ್ಲ ಸೇರಿ ಒಂದು ಪರಿಷತ್ತು ಮಾಡಿಕೊಂಡಿದ್ದರು. ಮಾಡಿಕೊಂಡಾಗ ಉದ್ದೇಶ ಒಳ್ಳೆಯದೇ ಇತ್ತು. ಒಬ್ಬರಿಗೆ ತಿಳಿದದ್ದು ಎಲ್ಲರಿಗೂ ತಿಳಿಯಲಿ, ಒಬ್ಬರು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಿರಲಿ ಎಂದು. ಆದರೆ ಪರಿಷತ್ತಿಗೆ ವರ್ಷಕ್ಕೊಬ್ಬರು ಅಧ್ಯಕ್ಷರು. ವರ್ಷ ತುಂಬಿದ ಮಾತ್ರಕ್ಕೆ ಅಂಥ ದೊಡ್ಡವರನ್ನು ಬರಿಗೈಯಲ್ಲಿ ಮನೆಗೆ ಕಳಿಸುವುದು ಹೇಗೆ? ಅವರ ಮನಸ್ಸು ನೋಯಬಾರದೆಂದು ಪ್ರತಿ ಮಾಜಿ ಅಧ್ಯಕ್ಷರಿಗೂ ಒಂದು ಸಮಿತಿ ಕೊಡುವ ಪದ್ಧತಿ ಬೆಳೆಯಿತು. ಮಾರ್ಗಸೂಚಿ ಸಮಿತಿ, ಮಾರ್ಗಸೂಚಿಗಳ ಪರಿಷ್ಕರಣಾ ಸಮಿತಿ, ಸಮ್ಮೇಳನದ ಊಟೋಪಚಾರ ಸಮಿತಿ, ಸ್ಮರಣಿಕೆ ಸಮಿತಿ, ಸಮಿತಿಗಳ ಸಂಖ್ಯೆ ಕಡಿಮೆ ಮಾಡುವ ಸಮಿತಿ, ಅದಕ್ಕೆರಡು ಉಪಸಮಿತಿ. ಕೊನೆಗೆ ವೈದ್ಯರಿಗಿಂತ ಸಮಿತಿಗಳೇ ಹೆಚ್ಚಾದವು. ಬೆಳಿಗ್ಗೆ ಒಂದು ಸಮಿತಿಯ ಅಧ್ಯಕ್ಷರಾಗಿ ಪತ್ರ ಬರೆದವರೇ ಮಧ್ಯಾಹ್ನ ಇನ್ನೊಂದರ ಕಾರ್ಯದರ್ಶಿಯಾಗಿ ‘ಪರಿಶೀಲಿಸಲಾಗುವುದು’ ಎಂದು ಅದಕ್ಕೆ ಉತ್ತರ ಬರೆಯುತ್ತಿದ್ದರು.

ಇವೆಲ್ಲವುಗಳಲ್ಲಿ ಹಿರಿದು ಎಡಬಲ ಸಮಿತಿ. ಅದು ಹುಟ್ಟಿದ್ದು ಹೀಗೆ. ಹಿಂದೊಮ್ಮೆ ಒಬ್ಬ ವೈದ್ಯರು ಪೆಟ್ಟು ಬಿದ್ದ ಬದಿಯನ್ನು ಬಿಟ್ಟು ಇನ್ನೊಂದು ಬದಿಯ ಬುರುಡೆ ತೆರೆದುಬಿಟ್ಟರು. ಇನ್ನು ಮುಂದೆ ಚಾಕು ಹಿಡಿಯುವ ಮೊದಲು ಸರಿಯಾದ ಬದಿಗೆ ಕಪ್ಪಿನಿಂದ ಒಂದು ಗುರುತು ಹಾಕೋಣ ಎಂದು ಯಾರೋ ಹೇಳಿದರು. ಇಷ್ಟು ಸರಳವಾದ ವಿಷಯವನ್ನು ಹಾಗೆಯೇ ಬಿಡುವುದು ಪರಿಷತ್ತಿನ ಘನತೆಗೆ ತಕ್ಕದ್ದಲ್ಲ. ಗುರುತು ದುಂಡಗಿರಬೇಕೋ ಉದ್ದಕ್ಕಿರಬೇಕೋ, ಎಡ ಎಂದರೆ ರೋಗಿಯ ಎಡವೋ ಎದುರು ನಿಂತ ವೈದ್ಯರ ಎಡವೋ ಎಂದು ತೀರ್ಮಾನಿಸಲು ಸಮಿತಿಯಾಯಿತು. ವರದಿ ಬರುವ ತನಕ ಸಮಿತಿಯ ಸಭೆಯಲ್ಲಿ ಗುರುತು ಬೀಳದ ಯಾವ ತಲೆಯನ್ನೂ ತೆರೆಯತಕ್ಕದ್ದಲ್ಲ ಎಂದು ಸುತ್ತೋಲೆ ಹೊರಟಿತು. ಸಮಿತಿಯ ಅಧ್ಯಕ್ಷರು ಮಹಾಶಿರೋವೈದ್ಯ ಗಂಭೀರಸೇನರು. ಅವರು ಚಾಕು ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಅನುಭವಸ್ಥರೆಂದು ಎಲ್ಲರೂ ಗೌರವಿಸುತ್ತಿದ್ದರು.

ಹೀಗಿರಲು ಗುಮ್ಮಟಕ್ಕೆ ಹೆಂಚು ಕೂರಿಸುತ್ತಿದ್ದ ಅಡವೆಪ್ಪನೆಂಬವನು ಕಾಲು ಜಾರಿ ಬಿದ್ದ. ಅವನ ಹೆಂಡತಿ ನೀಲವ್ವ ಗಾಡಿಯಲ್ಲಿ ಮಲಗಿಸಿಕೊಂಡು ಪರಿಷತ್ತಿನ ಆಸ್ಪತ್ರೆಗೆ ತಂದಳು. ಅಲ್ಲಿದ್ದವರು ಒಬ್ಬರೇ, ಶಿರೋವೈದ್ಯೆ ಶಾರ್ವರಿ. ಉಳಿದವರೆಲ್ಲ ಸಭೆಗಳಲ್ಲಿದ್ದರು. ಶಾರ್ವರಿಯವರು ಹಿಂದೊಂದು ಸಭೆಯಲ್ಲಿ ‘ಇದು ಎಷ್ಟು ಹೊತ್ತಿಗೆ ಮುಗಿಯುತ್ತದೆ’ ಎಂದು ಕೇಳಿದ್ದರು. ಅದು ಅಶಿಸ್ತೆಂದು ಅವರನ್ನು ಎಲ್ಲ ಸಮಿತಿಗಳಿಂದಲೂ ಹೊರಗಿಟ್ಟಿದ್ದರು. ಆ ಶಿಕ್ಷೆಯಿಂದಾಗಿ ಅವರಿಗೆ ರೋಗಿಗಳನ್ನು ನೋಡಲು ಬಿಡುವು ಸಿಕ್ಕಿತ್ತು.

ಅವರು ಅಡವೆಪ್ಪನ ಕಣ್ಣಿನ ಪಾಪೆ ನೋಡಿ, ಕೈಕಾಲು ಎತ್ತಿ ಬಿಟ್ಟು ನೋಡಿ, “ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳನ್ನು ಒತ್ತುತ್ತಾ ಇದೆಯಮ್ಮ. ಸಂಜೆಯೊಳಗೆ ತೆಗೆದರೆ ಉಳೀತಾರೆ” ಅಂದರು.

“ಹಂಗಾದ್ರ ತಗೀರಿ ಅಕ್ಕಾರ. ಯಾರ್ನ ಕಾಯಾಕತ್ತೀರಿ?”

“ಸಮಿತಿ ಗುರುತು ಹಾಕಬೇಕು. ಹಾಕದೆ ಮುಟ್ಟಿದರೆ ನಾಳೆಯಿಂದ ನಾನು ವೈದ್ಯಳೇ ಅಲ್ಲ.”

“ಸಮಿತಿ ಎಲ್ಲೈತ್ರಿ?”

“ಮಹಡಿ ಮೇಲೆ.”

ನೀಲವ್ವ ಸೆರಗು ಸಿಕ್ಕಿಸಿಕೊಂಡು ಮಹಡಿ ಹತ್ತಿದಳು.

ಸಭಾಂಗಣದಲ್ಲಿ ಗಂಭೀರಸೇನರು ಹಿಂದಿನ ಸಭೆಯ ನಡಾವಳಿಯನ್ನು ಓದಿಸುತ್ತಿದ್ದರು. ನೀಲವ್ವ ಬಾಗಿಲಲ್ಲೇ ನಿಂತು, “ಸಾಹೇಬ್ರ, ನಮ್ಮ ಮನಿಯವ್ರು ಗುಮ್ಮಟದ ಮ್ಯಾಲಿಂದ ಬಿದ್ದಾರ್ರಿ. ತಲಿ ಎಡಕ್ಕ ಪೆಟ್ಟಾಗೇತಿ. ಒಂದ್ ಗುರ್ತು ಹಾಕ್ ಕೊಡ್ರಿ” ಎಂದಳು.

“ಯಾರ ಎಡ, ತಾಯಿ?” ಗಂಭೀರಸೇನರು ಮೃದುವಾಗಿ ಕೇಳಿದರು.

“ಅವ್ರ ತಲಿ, ಅವ್ರ ಎಡ ರೀ. ಮತ್ತ್ಯಾರದು ಇರ್ತೈತಿ?”

“ಇದೂ ಒಂದು ಅಭಿಪ್ರಾಯ,” ಗಂಭೀರಸೇನರು ಕಾರ್ಯದರ್ಶಿಯ ಕಡೆ ತಿರುಗಿದರು. “ಸಾರ್ವಜನಿಕರಿಂದ ಬಂದ ಸಲಹೆ ಎಂದು ಬರೆದುಕೊಳ್ಳಿ. ನೋಡು ತಾಯಿ, ನಮಗೆ ನಿನ್ನ ಮೇಲೆ ಅಪಾರ ಕಾಳಜಿ ಇದೆ. ಆದರೆ ಹೊಸ ವಿಷಯ ಪ್ರಸ್ತಾಪಿಸಲು ಸದಸ್ಯರಿಗೆ ಮಾತ್ರ ಹಕ್ಕು.”

“ಹಂಗಾದ್ರ ಅವ್ರನ್ನ ಸದಸ್ಯರನ್ನ ಮಾಡ್ರಿ.”

ಸಭೆ ಗುಸುಗುಸು ಮಾತಾಡಿಕೊಂಡಿತು. ವಿಚಿತ್ರವೆಂದರೆ ನಿಯಮಾವಳಿಯಲ್ಲಿ ಅದಕ್ಕೆ ಜಾಗವಿತ್ತು. ರೋಗಿಗಳ ಪ್ರತಿನಿಧಿ ಎಂಬ ಸ್ಥಾನವೊಂದು ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ನೇಮಕ ಮಾಡಿದ ಯಾವ ರೋಗಿಯೂ ಮುಂದಿನ ಸಭೆಯವರೆಗೆ ಬಾಳಿರಲಿಲ್ಲ. ಅದು ಖಾಲಿ ಇರುವುದರಿಂದ ಕೋರಂ ಆಗದೆ ಎಷ್ಟೋ ನಿರ್ಣಯಗಳು ಕೊಳೆಯುತ್ತಿದ್ದವು. ಕೂಡಲೇ ಅಡವೆಪ್ಪನನ್ನು ಮಂಚದ ಸಮೇತ ಮಹಡಿಗೆ ಹೊತ್ತು ತಂದರು. ಹೊಸ ಸದಸ್ಯರಿಗೆ ಹಾರ ಹಾಕಿ, ತಲೆಯ ಬಳಿ ಎಳನೀರು ಇಟ್ಟರು.

ನೀಲವ್ವನಿಗೆ ಜೀವ ಬಂದಂತಾಯಿತು. “ಈಗ ಗುರ್ತು ಹಾಕ್ರಿ.”

“ಸದಸ್ಯರಾದ ಅಡವೆಪ್ಪನವರ ತಲೆಯ ವಿಷಯ,” ಎಂದು ಗಂಭೀರಸೇನರು ಕೈಗೆತ್ತಿಕೊಂಡರು. ಅಷ್ಟರಲ್ಲಿ ಕಾರ್ಯದರ್ಶಿ ಎದ್ದು ನಿಂತ. ಯಾವುದೇ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರುವ ಸದಸ್ಯರು ಆ ಚರ್ಚೆಯ ಹೊತ್ತಿನಲ್ಲಿ ಹೊರಗಿರತಕ್ಕದ್ದು ಎಂಬ ನಿಯಮವನ್ನು ನೆನಪಿಸಿದ. ಅಡವೆಪ್ಪನಿಗೆ ತನ್ನ ತಲೆಯಲ್ಲಿ ಸ್ವಂತ ಹಿತಾಸಕ್ತಿ ಇದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಮಂಚವನ್ನು ಹೊರಗೊಯ್ದರು. ಒಯ್ದ ಕೂಡಲೇ ಕೋರಂ ಹೋಯಿತು. ಕೋರಂಗಾಗಿ ಒಳಗೆ ತಂದರು. ತಂದ ಕೂಡಲೇ ವಿಷಯ ಚರ್ಚಿಸುವಂತಿರಲಿಲ್ಲ. ಮಂಚ ಹೊತ್ತವರು ಬೆವತರು.

“ಅವ್ರ ತಲಿ ಬಗ್ಗೆ ಮಾತಾಡಾಕ ಅವ್ರು ಇರಬಾರ್ದು, ಅವ್ರು ಇಲ್ದಿದ್ರ ನೀವು ಮಾತಾಡಂಗಿಲ್ಲ,” ನೀಲವ್ವ ಹೇಳಿದಳು. “ಹಂಗಾದ್ರ ಇಲ್ಲಿ ಏನ್ ಮಾಡ್ತೀರಿ ಸಾಹೇಬ್ರ?”

“ಬಾಕಿ ವಿಷಯಗಳನ್ನು ಮುಗಿಸುತ್ತೇವೆ. ಕೋರಂ ಇದೆಯಲ್ಲ.”

ಮುಗಿಸಿದರು ಕೂಡ. ಸಮ್ಮೇಳನವನ್ನು ಸಮುದ್ರತೀರದಲ್ಲಿ ನಡೆಸುವ ನಿರ್ಣಯ, ಸ್ಮರಣಿಕೆಯ ಗಾತ್ರ ಹೆಚ್ಚಿಸುವ ನಿರ್ಣಯ, ಗಂಭೀರಸೇನರ ಅಭಿನಂದನಾ ಗ್ರಂಥಕ್ಕೆ ಗಂಭೀರಸೇನರೇ ಸಂಪಾದಕರಾಗುವ ನಿರ್ಣಯ. ಪ್ರತಿಯೊಂದಕ್ಕೂ “ವಿರೋಧವುಂಟೇ?” ಎಂದು ಕೇಳಿದರು. ಅಡವೆಪ್ಪ ಕಣ್ಣು ಮುಚ್ಚಿ ಮಲಗಿದ್ದ. ಮೌನವನ್ನು ಸಮ್ಮತಿ ಎಂದು ಬರೆದುಕೊಂಡರು.

“ಎಂಥ ಪ್ರಬುದ್ಧರು,” ಎಂದರು ಒಬ್ಬ ಸದಸ್ಯರು. “ಮಧ್ಯೆ ಬಾಯಿ ಹಾಕುವುದಿಲ್ಲ.”

“ಗಡಿಯಾರದ ಕಡೆ ಒಮ್ಮೆಯೂ ನೋಡಲಿಲ್ಲ,” ಎಂದರು ಇನ್ನೊಬ್ಬರು.

ಸುದ್ದಿ ಅರಮನೆ ಮುಟ್ಟಿತು. ಮಹಾರಾಜರೇ ನೋಡಲು ಬಂದರು. ಮಂಚದ ಸುತ್ತ ಒಂದು ಸುತ್ತು ಹಾಕಿ, “ಇವರು ಏನು ಹೇಳುತ್ತಿದ್ದಾರೆ?” ಎಂದು ಕೇಳಿದರು.

“ಏನೂ ಹೇಳುತ್ತಿಲ್ಲ, ಪ್ರಭು.”

“ನಮ್ಮ ಗುಮ್ಮಟದ ಬಗ್ಗೆ?”

“ಅದರ ಬಗ್ಗೆಯೂ ಇಲ್ಲ, ಪ್ರಭು. ಅದರ ಮೇಲಿಂದ ಬಿದ್ದರೂ ಇಲ್ಲ.”

ಮಹಾರಾಜರ ಕಣ್ಣು ಒದ್ದೆಯಾಯಿತು. “ಇಂಥವರನ್ನೇ ನಾವು ಇಷ್ಟು ದಿನ ಹುಡುಕುತ್ತಿದ್ದೆವು. ಊಟವಾದ ಮೇಲೆ ಇವರನ್ನು ಇಡೀ ಪರಿಷತ್ತಿಗೆ ಆಜೀವ ಅಧ್ಯಕ್ಷರನ್ನಾಗಿ ಘೋಷಿಸತಕ್ಕದ್ದು.”

“ಪ್ರಭುಗಳ ದೂರದೃಷ್ಟಿ,” ಎಂದು ಗಂಭೀರಸೇನರು ತಲೆಬಾಗಿದರು. ಎಲ್ಲರೂ ಊಟಕ್ಕೆ ಎದ್ದರು. ಊಟೋಪಚಾರ ಸಮಿತಿಯೊಂದೇ ಆ ಪರಿಷತ್ತಿನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಮಾಡುತ್ತಿದ್ದುದು. ಅಂದು ಹೋಳಿಗೆ.

ಸಭಾಂಗಣ ಖಾಲಿಯಾದ ಮೇಲೆ ಶಾರ್ವರಿಯವರು ಮಹಡಿ ಹತ್ತಿ ಬಂದು ಅಡವೆಪ್ಪನ ರೆಪ್ಪೆ ಎತ್ತಿ ನೋಡಿದರು. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿತ್ತು.

“ಸಂಜೆ ತನಕ ತಡೆಯೋದಿಲ್ಲ ನೀಲವ್ವ.”

“ಗುರ್ತು ಇಲ್ಲಲ್ರಿ. ನಿಮ್ಮ ಕೆಲಸ ಹೊಕ್ಕೈತಿ ಅಂದ್ರಿ.”

“ಹೋದರೆ ಹೋಗಲಿ. ಹೊಲಿಗೆ ಬರುತ್ತೆ ನಂಗೆ. ರವಿಕೆ ಹೊಲೀತೀನಿ.”

“ನನ್ನವು ಎಲ್ಲಾ ನಿಮ್ಮ ಕಡೀನ ಹೊಲಸ್ತೀನಿ,” ಎಂದಳು ನೀಲವ್ವ. ತನ್ನ ಕಣ್ಣಿನ ಕಾಡಿಗೆಯನ್ನು ಬೆರಳಲ್ಲಿ ಒರೆಸಿಕೊಂಡು ಗಂಡನ ತಲೆಯ ಎಡಬದಿಗೆ ಹಚ್ಚಿದಳು. ಗುರುತು ದುಂಡಗೂ ಇರಲಿಲ್ಲ, ಉದ್ದಕ್ಕೂ ಇರಲಿಲ್ಲ. ಶಾರ್ವರಿಯವರು ಪೆಟ್ಟಿನ ಜಾಗವನ್ನು ಇನ್ನೊಮ್ಮೆ ಮುಟ್ಟಿ ನೋಡಿ ಸರಿ ಎಂದರು. ಮಂಚ ಹೊತ್ತವರು ಈ ಸಲ ಹೇಳಿಸಿಕೊಳ್ಳದೆಯೇ ಎತ್ತಿದರು.

ಕೆಳಗಿನ ಕೋಣೆಯಲ್ಲಿ ಬುರುಡೆಗೆ ಸಣ್ಣ ಕಿಂಡಿ ಕೊರೆದು, ಕರ್ರಗೆ ಹೆಪ್ಪುಗಟ್ಟಿದ ರಕ್ತವನ್ನು ತೆಗೆದು, ತೊಳೆದು, ಶಾರ್ವರಿಯವರು ಹೊಲಿಗೆ ಹಾಕಿದರು. ಮೇಲೆ ಎರಡನೆಯ ಸುತ್ತಿನ ಹೋಳಿಗೆ ನಡೆಯುತ್ತಿತ್ತು. ಊಟವಾಗಿ, ಎಲೆ ಅಡಿಕೆಯಾಗಿ, ಮಹನೀಯರೆಲ್ಲ ಒಂದು ಸಣ್ಣ ನಿದ್ದೆಯನ್ನೂ ಮುಗಿಸಿ ಬರುವ ಹೊತ್ತಿಗೆ ಅಡವೆಪ್ಪ ಕಣ್ಣು ಬಿಟ್ಟಿದ್ದ.

“ತುಪ್ಪದ ವಾಸನಿ ಬರಾಕತ್ತೈತಲ್ಲ,” ಎಂದ.

ನೀಲವ್ವ ಗೋಡೆಗೆ ಒರಗಿ ಕೂತಳು. ಬೆಳಿಗ್ಗೆಯಿಂದ ಬಾರದ ಅಳು ಆಗ ಬಂತು.

ಆಜೀವ ಅಧ್ಯಕ್ಷರಾಗಲಿದ್ದವರು ಸಭಾಂಗಣದಲ್ಲಿ ಇಲ್ಲದ್ದು ಕಂಡು ಎಲ್ಲರೂ ಕೆಳಗಿಳಿದು ಬಂದರು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಅಡವೆಪ್ಪನನ್ನು ನೋಡಿದರು. ಗಂಭೀರಸೇನರು ಅನುಮಾನದಿಂದಲೇ ಮುಂದಿನ ನಿರ್ಣಯದ ಪತ್ರ ಬಿಡಿಸಿ ಓದಿದರು: “ಗುಮ್ಮಟವನ್ನು ಈ ವರ್ಷ ಎರಡು ಆಳೆತ್ತರ ಏರಿಸುವ ಮಹಾರಾಜರ ಸಂಕಲ್ಪವನ್ನು ಪರಿಷತ್ತು ಅಭಿನಂದಿಸುತ್ತದೆ. ವಿರೋಧವುಂಟೇ?”

“ಐತ್ರಿ,” ಎಂದ ಅಡವೆಪ್ಪ. “ಅಷ್ಟ್ ಎತ್ತರ ಯಾಕ್ ಬೇಕ್ರಿ? ಮ್ಯಾಲೆ ಹಿಡಕೊಳ್ಳಾಕ ಏನೂ ಇಲ್ಲ.”

ಗಂಭೀರಸೇನರು ಮಹಾರಾಜರ ಕಡೆ ತಿರುಗಿ ಭಾರವಾದ ದನಿಯಲ್ಲಿ, “ಪ್ರಭು, ಸದಸ್ಯರ ಸ್ಥಿತಿ ಚಿಂತಾಜನಕವಾಗಿದೆ. ಮಾತನಾಡುತ್ತಿದ್ದಾರೆ” ಎಂದರು.

ಆರೋಗ್ಯದ ಕಾರಣದಿಂದ ಅಡವೆಪ್ಪನನ್ನು ಸದಸ್ಯತ್ವದಿಂದ ಬಿಡುಗಡೆ ಮಾಡಲಾಯಿತು. ಹಾರವನ್ನು ವಾಪಸು ಪಡೆದರು. ಎಳನೀರನ್ನು ನೀಲವ್ವ ಕೊಡಲಿಲ್ಲ.

ಉಳಿದದ್ದು ಶಾರ್ವರಿಯವರ ಪ್ರಶ್ನೆ. ನಿಯಮ ಮುರಿದವರ ಹೆಸರು ಹೊಡೆದುಹಾಕಬೇಕೆಂದು ಕಾರ್ಯದರ್ಶಿ ಸಿದ್ಧನಾಗಿದ್ದ. ಆದರೆ ಹೊರಗೆ ಗುಮ್ಮಟದ ಕೆಲಸಗಾರರೆಲ್ಲ ಸೇರಿ “ನಮ್ಮ ಅಕ್ಕಾರು ಎಲ್ಲೆದಾರ್ರಿ? ಒಂದ್ಸಲ ನೋಡಬೇಕು” ಎಂದು ಬಾಗಿಲು ತುಂಬಿಕೊಂಡಿದ್ದರು. ಮಹಾರಾಜರು ಕಿಟಕಿಯಿಂದ ಇಣುಕಿ ಯೋಚನೆಗೆ ಬಿದ್ದರು.

ಗಂಭೀರಸೇನರು ಅವರ ಕಿವಿಯ ಬಳಿ ಬಾಗಿದರು. “ಶಿಕ್ಷೆ ಬೇಡ ಪ್ರಭು. ಜನ ಸಿಟ್ಟಾಗುತ್ತಾರೆ. ಸನ್ಮಾನ ಮಾಡೋಣ.”

ಮಾಡಿದರು. ಬಹಳ ಅದ್ದೂರಿಯಾಗಿ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ‘ಶಿರೋರತ್ನ’ ಎಂಬ ಬಿರುದು. ಜನ ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಮಹಾರಾಜರು ರಾಜಾಜ್ಞೆ ಓದಿದರು. ಇಂಥ ಅಪ್ರತಿಮ ಪ್ರತಿಭೆಯನ್ನು ಇನ್ನು ಮುಂದೆ ಪೋಲು ಮಾಡಲಾಗದು. ಶಿರೋರತ್ನ ಶಾರ್ವರಿಯವರನ್ನು ಪರಿಷತ್ತಿನ ಎಲ್ಲ ಸಮಿತಿಗಳಿಗೂ ಸದಸ್ಯರನ್ನಾಗಿ, ಹೊಸದಾಗಿ ಸ್ಥಾಪಿಸಿದ ತುರ್ತು ಶಸ್ತ್ರಕ್ರಿಯಾ ಸಮಿತಿಗೆ ಅಧ್ಯಕ್ಷರನ್ನಾಗಿ ನೇಮಿಸಲಾಗಿದೆ. ಗೈರುಹಾಜರಾದರೆ ರಾಜದ್ರೋಹ. ಖರ್ಚಿಗಾಗಿ ಪ್ರಜೆಗಳ ಉಪ್ಪು, ಎಣ್ಣೆ, ಬಟ್ಟೆಗಳ ಮೇಲೆ ಶಿರೋರಕ್ಷಣಾ ಉಪಕರ ವಿಧಿಸಲಾಗಿದೆ. ಜನ ಇದಕ್ಕೂ ಚಪ್ಪಾಳೆ ತಟ್ಟಿದರು. ತಟ್ಟುತ್ತಿದ್ದ ಕೈಯನ್ನು ಮಧ್ಯದಲ್ಲಿ ನಿಲ್ಲಿಸುವುದು ಕಷ್ಟ.

ನೀಲವ್ವ ಮಾತ್ರ ವೇದಿಕೆಯ ಮೇಲಿದ್ದ ಶಾರ್ವರಿಯವರ ಮುಖವನ್ನೇ ನೋಡುತ್ತಿದ್ದಳು. “ಶಾಲು ಹೊದಸ್ಯಾರೋ, ಕೈ ಕಟ್ಯಾರೋ,” ಎಂದು ಗಂಡನಿಗೆ ಹೇಳಿದಳು.

ಮರುವಾರ ಎತ್ತು ಒದ್ದು ತಲೆಗೆ ಪೆಟ್ಟಾದ ಒಬ್ಬ ಗಾಣಿಗನನ್ನು ಅವನ ತಮ್ಮ ಆಸ್ಪತ್ರೆಗೆ ಹೊತ್ತು ತಂದ. ಕಾವಲುಗಾರ ಬಹಳ ವಿನಯದಿಂದ ಎದ್ದು ನಿಂತು, “ಮೇಡಂ ಅವ್ರು ಮೀಟಿಂಗಿನ್ಯಾಗ ಅದಾರ್ರಿ. ತುರ್ತು ಸಮಿತೀದು. ಕುಂದರ್ರಿ” ಎಂದ. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಕೂತ. ಮಹಡಿಯಿಂದ ಒಂದು ಹೆಂಗಸಿನ ದನಿ ಏನೋ ಹೇಳಲು ಹೋದದ್ದೂ, ಒಂದು ಗಂಡಸಿನ ದನಿ “ತಮ್ಮ ಸರದಿ ಬರುತ್ತದೆ, ಶಿರೋರತ್ನರು ದಯವಿಟ್ಟು ಆಸೀನರಾಗಬೇಕು” ಎಂದದ್ದೂ ಕೇಳಿಸಿತು. ಕೂತ ಬೆಂಚು ಒಳ್ಳೆಯ ತೇಗದ್ದು, ಇನ್ನೂ ವಾರ್ನಿಷ್ ವಾಸನೆ ಹೋಗಿರಲಿಲ್ಲ. ಉಪಕರದ ದುಡ್ಡಿನಲ್ಲಿ ಪ್ರಜೆಗಳು ಕಾಯಲೆಂದೇ ಮಾಡಿಸಿದ್ದು.